ಎರಡು ಪೆಟ್ಟುಗಳ ನಡುವಿನ ಅವಧಿ: ಲಘು ತಲೆಗಾಯ ಮತ್ತು ಮಿದುಳಿನ ರಕ್ಷಣೆ

ತಲೆಗೆ ಪದೇ ಪದೇ ಬೀಳುವ ಲಘು ಪೆಟ್ಟುಗಳ ಪರಿಣಾಮವು ಈಚಿನ ವರ್ಷಗಳಲ್ಲಿ ಸಾರ್ವಜನಿಕರ ಗಮನಕ್ಕೆ ಬಂದದ್ದು ಬಹುಮಟ್ಟಿಗೆ ಅಮೆರಿಕದ ಫುಟ್‌ಬಾಲ್ ಆಟಗಾರರ ಶವಪರೀಕ್ಷೆಗಳ ಮೂಲಕ; ಹೀಗಾಗಿ ಸತ್ತ ನಂತರ ಮಿದುಳಿನಲ್ಲಿ ಕಂಡುಬರುವ ಟೌ ಎಂಬ ಪ್ರೋಟೀನಿನ ಗಂಟುಗಳೇ ಈ ಕ್ಷೇತ್ರದ ಸರ್ವಸ್ವ ಎಂಬ ತಿಳಿವಳಿಕೆ ಬೇರೂರಿದೆ. ಬದುಕಿರುವ ಮಿದುಳಿನಲ್ಲಿ ಮೊದಲ ಪೆಟ್ಟಿಗೂ ಎರಡನೆಯದಕ್ಕೂ ನಡುವೆ ನಡೆಯುವುದೇನು ಎಂಬುದನ್ನು ಅರಸಿದ ಸಂಶೋಧನೆ, ರಕ್ಷಣೆಗೆ ನಿಜವಾಗಿ ಒದಗಬಲ್ಲದ್ದಾದರೂ, ಅಷ್ಟು ಪ್ರಚಾರ ಪಡೆದಿಲ್ಲ.

ಆರಂಭದ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ಮುಷ್ಟಿಕಾಳಗದವರಲ್ಲಿ ಕಾಣುವ ತೊದಲುಮಾತು, ತಡವರಿಸುವ ನಡಿಗೆ, ಬುದ್ಧಿಮಾಂದ್ಯಗಳನ್ನು ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿ ವೈದ್ಯಕೀಯ ಸಾಹಿತ್ಯಕ್ಕೆ ತಂದನು. ಗಟ್ಟಿ ಮೊಸರಿನಂತೆ ಮೆತ್ತಗಿರುವ ಮಿದುಳಿಗೆ ನೇರ ಹೊಡೆತಕ್ಕಿಂತ ತಲೆಯ ಹಠಾತ್ ತಿರುಗುವಿಕೆಯೇ ಹೆಚ್ಚು ಅಪಾಯಕರವೆಂದು ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬರ್ನ್ 1943ರಲ್ಲಿ ವಾದಿಸಿದನು. 1956ರಲ್ಲಿ ಸಬೀನಾ ಸ್ಟ್ರಿಚ್ ತೀವ್ರ ತಲೆಗಾಯಗಳಲ್ಲಿ ನರತಂತುಗಳು ವ್ಯಾಪಕವಾಗಿ ನಶಿಸಿರುವುದನ್ನು ವಿವರಿಸಿದರು. 1973ರಲ್ಲಿ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮುಷ್ಟಿಕಾಳಗದವರ ಮಿದುಳುಗಳನ್ನು ಪರಿಶೀಲಿಸಿದರು. ಮರುವರ್ಷ ಗ್ಲಾಸ್ಗೋದಲ್ಲಿ ರೂಪುಗೊಂಡ ಪ್ರಜ್ಞಾಮಾಪಕದಲ್ಲಿ 13ರಿಂದ 15 ಅಂಕ ಪಡೆದವರ ಗಾಯವನ್ನು ಲಘು ಎಂದು ಕರೆಯುವ ರೂಢಿ ಬಂದಿತು. ಆ ಅಂಕಗಳು ಪೆಟ್ಟು ಬಿದ್ದ ಹೊತ್ತಿನ ಎಚ್ಚರವನ್ನಷ್ಟೇ ಅಳೆಯುತ್ತವೆ. ಹಿಂದೆ ಎಷ್ಟು ಪೆಟ್ಟುಗಳು ಬಿದ್ದಿದ್ದವು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ರಕ್ಷಣೆ ಸಾಧ್ಯವೆಂಬ ಆಶೆಗೆ ಆಧಾರ ದೊರೆತದ್ದು 1980ರ ದಶಕದಲ್ಲಿ. ವರ್ಜೀನಿಯಾದ ಜಾನ್ ಪೊವ್ಲಿಶಾಕ್ ಅವರ ಪ್ರಯೋಗಗಳಲ್ಲಿ ಅನೇಕ ನರತಂತುಗಳು ಪೆಟ್ಟು ಬಿದ್ದ ಕ್ಷಣದಲ್ಲಿಯೇ ಹರಿಯದೆ, ಒಳಗಿನ ಸಾಗಣೆ ಕಟ್ಟಿಕೊಂಡು ಊದಿ, ಹಲವು ಗಂಟೆಗಳ ತರುವಾಯ ತುಂಡಾಗುವುದು ಕಂಡುಬಂದಿತು. ಅಂದರೆ ಹಾನಿ ಪೂರ್ಣಗೊಳ್ಳುವ ಮೊದಲು ತಡೆಯಲು ಒಂದಿಷ್ಟು ಕಾಲಾವಕಾಶವಿತ್ತು. ಇದರ ಜೊತೆಗೆ ಲಾಸ್ ಏಂಜಲೀಸ್‌ನಲ್ಲಿ ಡೇವಿಡ್ ಹೋವ್ಡಾ ಮತ್ತು ಸಂಗಡಿಗರು ಬೆಳೆಸಿದ, 2001ರಲ್ಲಿ ಅವರೂ ಕ್ರಿಸ್ಟೋಫರ್ ಗೀಜಾ ಅವರೂ ಸೇರಿ ಬರೆದ ಲೇಖನದಲ್ಲಿ ಒಟ್ಟುಗೂಡಿಸಿದ ಚಯಾಪಚಯದ ವಿವರಣೆಯೇ ಈ ಕ್ಷೇತ್ರದ ಅತ್ಯಂತ ಫಲವತ್ತಾದ ವಿಚಾರವೆನ್ನಬೇಕು. ಪೆಟ್ಟಿನಿಂದ ನರಕೋಶದ ಪೊರೆ ಹಿಗ್ಗಿದಾಗ ಪೊಟ್ಯಾಸಿಯಂ ಹೊರಹರಿಯುತ್ತದೆ, ಗ್ಲುಟಮೇಟ್ ಎಂಬ ಉತ್ತೇಜಕ ರಾಸಾಯನಿಕ ಮಿತಿಮೀರಿ ಬಿಡುಗಡೆಯಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗಿ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಗಳಲ್ಲಿ ಸೇರಿಕೊಳ್ಳುತ್ತದೆ. ಈ ಅಸ್ತವ್ಯಸ್ತವನ್ನು ಸರಿಪಡಿಸಲು ಕೋಶವು ವಿಪರೀತ ಗ್ಲೂಕೋಸನ್ನು ಬಯಸುವ ಹೊತ್ತಿನಲ್ಲಿಯೇ ರಕ್ತದ ಹರಿವು ತಗ್ಗಿರುತ್ತದೆ. ಆಮೇಲೆ ಗ್ಲೂಕೋಸಿನ ಬಳಕೆಯೇ ಕುಸಿದು, ವಯಸ್ಕ ಇಲಿಗಳಲ್ಲಿ ಆ ಸ್ಥಿತಿ 7ರಿಂದ 10 ದಿನ ಮುಂದುವರಿಯುತ್ತದೆ.

ಇದರಿಂದ ಹೊರಟ ಪ್ರಶ್ನೆ, ಈ ಕುಸಿತದ ಅವಧಿಯಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಏನು ಎಂಬುದು. 2005ರಲ್ಲಿ ಲೋಂಗಿ ಮತ್ತು ಸಂಗಡಿಗರು ಸುಂಡಿಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಎರಡನೆಯ ಪೆಟ್ಟು 3 ಅಥವಾ 5 ದಿನಗಳ ಅಂತರದಲ್ಲಿ ಬಿದ್ದಾಗ ಹಾನಿ ಹೆಚ್ಚಿತು, 7 ದಿನಗಳ ಅಂತರವಿದ್ದಾಗ ಹಾಗಾಗಲಿಲ್ಲ. ಮರಿ ಇಲಿಗಳಲ್ಲಿ ಮಯುಮಿ ಪ್ರಿನ್ಸ್ ತಂಡವು 24 ಗಂಟೆ ಮತ್ತು 120 ಗಂಟೆಗಳ ಅಂತರಗಳನ್ನು ಹೋಲಿಸಿ ಅದೇ ಬಗೆಯ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಇಲಿಯ ದಿನಗಳನ್ನು ಮನುಷ್ಯನ ದಿನಗಳಾಗಿ ಎಣಿಸುವಂತಿಲ್ಲ ಎಂಬುದು ನಿಜ. ಆದರೆ ಇಟಲಿಯ ವಾನ್ಯೋಜ್ಜಿ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ, ಕ್ರೀಡಾಪಟುಗಳ ತಲೆನೋವು, ಮಂಕು ಮುಂತಾದ ಲಕ್ಷಣಗಳು ಸುಮಾರು ಎರಡು ವಾರದೊಳಗೆ ಮಾಯವಾದರೂ, ನರಕೋಶದ ಶಕ್ತಿಸ್ಥಿತಿಯನ್ನು ಸೂಚಿಸುವ ಎನ್‌-ಅಸಿಟೈಲ್ ಆಸ್ಪಾರ್ಟೇಟ್ ಎಂಬ ರಾಸಾಯನಿಕ ಮೊದಲಿನ ಮಟ್ಟಕ್ಕೆ ಬರಲು ಸುಮಾರು 30 ದಿನ ಹಿಡಿಯಿತು. ‘ಈಗ ಹುಷಾರಾಗಿದ್ದೇನೆ’ ಎಂಬ ಆಟಗಾರನ ಮಾತನ್ನು ಪೂರ್ತಿ ನೆಚ್ಚಲಾಗದು ಎನ್ನಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಔಷಧಗಳ ಕಥೆ ಇಷ್ಟು ಸಮಾಧಾನಕರವಲ್ಲ. ತಲೆಗಾಯಕ್ಕೆ ದಶಕಗಳ ಕಾಲ ನೀಡುತ್ತಿದ್ದ ಸ್ಟಿರಾಯ್ಡ್‌ಗಳು ಸಾವನ್ನು ಹೆಚ್ಚಿಸುತ್ತವೆಂದು 10,008 ರೋಗಿಗಳ ‘ಕ್ರ್ಯಾಶ್’ ಎಂಬ ಚಿಕಿತ್ಸಾ ಪರೀಕ್ಷೆ 2004ರಲ್ಲಿ ತೋರಿಸಿತು. 1,213 ಮಂದಿಗೆ ಸಿಟಿಕೋಲಿನ್ ಅಥವಾ ಹುಸಿಮಾತ್ರೆ ನೀಡಿ ನಡೆಸಿದ ಪರೀಕ್ಷೆ 2012ರಲ್ಲಿ ಪ್ರಯೋಜನವಿಲ್ಲವೆಂದಿತು (ಭಾರತದಲ್ಲಿ ಅದನ್ನು ಬರೆದುಕೊಡುವ ಕೈಗಳು ಇನ್ನೂ ನಿಂತಿಲ್ಲ). ಪ್ರೊಜೆಸ್ಟರೋನ್ 2014ರಲ್ಲಿ ಎರಡು ದೊಡ್ಡ ಪರೀಕ್ಷೆಗಳಲ್ಲಿ ಸೋತಿತು. ಒಟ್ಟಾರೆ ಈ ಪರೀಕ್ಷೆಗಳ ರೋಗಿಗಳಲ್ಲಿ ಹೆಚ್ಚಿನವರಿಗೆ ಆಗಿದ್ದದ್ದು ತೀವ್ರ ಅಥವಾ ಮಧ್ಯಮ ಗಾಯ. ಮತ್ತೆ ಮತ್ತೆ ಲಘು ಪೆಟ್ಟು ತಿಂದವರ ಬಗೆಗೆ ಅವು ಏನನ್ನೂ ಹೇಳಲಾರವು. ಅಪವಾದವೆಂಬಂತೆ, ಸ್ಫೋಟದಿಂದ ಲಘುವಾಗಿ ಗಾಯಗೊಂಡ 81 ಸೈನಿಕರಲ್ಲಿ ಎನ್‌-ಅಸಿಟೈಲ್ ಸಿಸ್ಟೀನ್ ಎಂಬ ಔಷಧ ಲಕ್ಷಣಗಳನ್ನು ಬೇಗ ತಗ್ಗಿಸಿತೆಂಬ 2013ರ ವರದಿಯಿದೆ. ಅದು ಸಣ್ಣ ಪರೀಕ್ಷೆ.

ಪೆಟ್ಟು ಬಿದ್ದವರಿಗೆ ಹೇಳುತ್ತಿದ್ದ ಕತ್ತಲೆ ಕೋಣೆಯ ವಿಶ್ರಾಂತಿಯೂ ಪರೀಕ್ಷೆಗೆ ಒಳಗಾಯಿತು. ಎಳೆಯರಿಗೆ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ ವಿಧಿಸಿದರೆ ಲಾಭವಿಲ್ಲ, ಲಕ್ಷಣಗಳು ಹೆಚ್ಚಾಗುತ್ತವೆ ಎಂದು 2015ರಲ್ಲಿ ತಿಳಿಯಿತು. ಬಫಲೋದ ಜಾನ್ ಲೆಡ್ಡಿ ತಂಡದ 2019ರ ಅಧ್ಯಯನದಲ್ಲಿ ಲಕ್ಷಣಗಳು ಕೆರಳದಷ್ಟು ವ್ಯಾಯಾಮ ಮಾಡಿದ ಹದಿಹರೆಯದವರು 13 ದಿನಗಳಲ್ಲಿಯೂ, ಕೇವಲ ಮೈಸಡಿಲಿಕೆಯ ಕಸರತ್ತು ಮಾಡಿದವರು 17 ದಿನಗಳಲ್ಲಿಯೂ ಚೇತರಿಸಿಕೊಂಡರು. ಆಟಕ್ಕೆ ಮರಳುವುದನ್ನು ತಡೆಯುತ್ತ ಮೈಯನ್ನು ಮಾತ್ರ ಚಲನೆಯಲ್ಲಿಡುವ ಈ ಕ್ರಮ, ಎರಡು ಪೆಟ್ಟುಗಳ ನಡುವೆ ಅಂತರವಿರಬೇಕೆಂಬ ವಾದಕ್ಕೆ ಪೂರಕವೇ ಆಗಿದೆ. ಪೆಟ್ಟು ತಿಂದ ಎಳೆಯ ಆಟಗಾರ ತರಬೇತಾದ ಆರೋಗ್ಯಸೇವಾ ಪರಿಣತರ ಲಿಖಿತ ಒಪ್ಪಿಗೆಯಿಲ್ಲದೆ ಮರಳಬಾರದೆಂದು ವಾಷಿಂಗ್ಟನ್ ರಾಜ್ಯ 2009ರಲ್ಲಿ ಕಾಯಿದೆ ಮಾಡಿದ್ದೂ, ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 2019ರಿಂದ ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬ ಆಟಗಾರನಿಗೆ ಅವಕಾಶ ದೊರೆತದ್ದೂ ಅದೇ ದಿಕ್ಕಿನ ಹೆಜ್ಜೆಗಳು.

ಟೌ ಪಂಥದ ಸಾಧನೆ ಅಲ್ಲಗಳೆಯುವಂಥದಲ್ಲ. ರೋಗಶಾಸ್ತ್ರಜ್ಞ ಬೆನೆಟ್ ಒಮಾಲು 2005ರಲ್ಲಿ ಪ್ರಕಟಿಸಿದ, ಅಮೆರಿಕದ ಫುಟ್‌ಬಾಲ್ ಆಟಗಾರನೊಬ್ಬನ ಮಿದುಳಿನ ಪ್ರಕರಣವೂ, ಆನ್ ಮೆಕೀ ತಂಡದ ಕೆಲಸವೂ ದೊಡ್ಡ ಕ್ರೀಡಾಸಂಸ್ಥೆಗಳನ್ನು ಎಚ್ಚರಿಸಿದವು. ಆದರೆ 2017ರಲ್ಲಿ ವರದಿಯಾದ, 111 ವೃತ್ತಿಪರ ಫುಟ್‌ಬಾಲ್ ಆಟಗಾರರ ಪೈಕಿ 110 ಮಂದಿಯಲ್ಲಿ ಟೌ ಗಂಟುಗಳ ರೋಗವಿತ್ತೆಂಬ ಅಂಕಿಯನ್ನು ಉಲ್ಲೇಖಿಸುವವರು, ಆ ಮಿದುಳುಗಳಲ್ಲಿ ಹಲವು ಬಂದದ್ದು ಮೊದಲೇ ಅನುಮಾನಪಟ್ಟ ಕುಟುಂಬಗಳಿಂದ ಎಂಬುದನ್ನು ಬಿಟ್ಟುಬಿಡುತ್ತಾರೆ.

ಈ ಎರಡೂ ಬಗೆಯ ಸಂಶೋಧನೆಯಲ್ಲಿ ಕಾಣೆಯಾಗಿರುವವರು ಬೇರೆಯವರು. ಗಂಡನ ಹೊಡೆತಗಳಿಂದ ಮಿದುಳು ಕೆಟ್ಟ ಮಹಿಳೆಯೊಬ್ಬಳ ಪ್ರಕರಣ 1990ರಲ್ಲಿಯೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದ್ದರೂ, ಸಂಶೋಧನೆಗೆ ಒಳಗಾದವರಲ್ಲಿ ಹೆಚ್ಚಿನವರು ಗಂಡಸರು, ಅದರಲ್ಲೂ ಆಟಗಾರರು ಮತ್ತು ಸೈನಿಕರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಸ್ತೆ ಅಪಘಾತಗಳ ತಲೆಗಾಯಗಳನ್ನು ದೀರ್ಘಕಾಲದಿಂದ ಅಧ್ಯಯನ ಮಾಡುತ್ತ ಬಂದಿದೆ, ಅಲ್ಲಿ ಮಿದುಳಿನ ಸಂಗ್ರಹಾಲಯವೂ ಇದೆ. ಆಟದ ಹೊರಗಿನ ಪೆಟ್ಟುಗಳ ಅಧ್ಯಯನಕ್ಕೆ ಸಾಮಗ್ರಿಯ ಕೊರತೆಯೆಂದು ಹೇಳುವಂತಿಲ್ಲ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ರಕ್ತಪರೀಕ್ಷೆ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ನಿರ್ಧರಿಸಲು ನೆರವಾಗುತ್ತದೆಯೇ ಹೊರತು ಮಿದುಳು ಚೇತರಿಸಿದೆಯೇ ಎಂದು ಹೇಳದು. ಚೇತರಿಕೆಯನ್ನು ತಿಳಿಸುವ ಪರೀಕ್ಷೆ ಬರುವ ತನಕ, ಸ್ಕ್ಯಾನ್ ಸರಿಯಿದೆಯೆಂದು ಮನೆಗೆ ಕಳುಹಿಸುವ ಮುನ್ನ ಹಿಂದಿನ ಪೆಟ್ಟು ಯಾವಾಗ ಬಿದ್ದಿತ್ತು, ಮನೆಯಲ್ಲೋ ಬೀದಿಯಲ್ಲೋ ಅಖಾಡದಲ್ಲೋ ಎಂದು ಕೇಳಿ ಚೀಟಿಯಲ್ಲಿ ಬರೆದಿಡಲು ಯಾವ ಯಂತ್ರವೂ ಬೇಕಾಗುವುದಿಲ್ಲ.