ಹಳೆಯ ಮಾದರಿಯ ಪ್ರತಿರೂಪ ಜೀನ್ಸ್

ಹಳೆಯ ಮಾದರಿಯ ಪ್ರತಿರೂಪ ಜೀನ್ಸ್ ಎಂಬುದು 19ನೆಯ ಶತಮಾನದ ಕೊನೆಯಿಂದ 1960ರ ದಶಕದವರೆಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಡೆನಿಮ್ ಷರಾಯಿಗಳನ್ನು ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಗುಂಡಿ, ರಿವೆಟ್‌ಗಳ ಸಮೇತ ಹಿಂದಿನಂತೆಯೇ ಮತ್ತೆ ತಯಾರಿಸಿದ ಉಡುಪು. ಇವುಗಳನ್ನು ಸಂಗ್ರಹಿಸಿ ತೊಡುವ ಹವ್ಯಾಸವು 1980ರ ದಶಕದಲ್ಲಿ ಜಪಾನಿನಲ್ಲಿ ಬೆಳೆದು, ಅನಂತರ ಇತರ ದೇಶಗಳಿಗೆ ಹರಡಿತು. ಅಂಗಡಿಗಳಲ್ಲಿ ದೊರೆಯುವ, ಮೊದಲೇ ಮಾಸಿದ, ಮಂಡಿಯಲ್ಲಿ ಹರಿದ ಜೀನ್ಸ್‌ನೊಡನೆ ಇದನ್ನು ಬೆರೆಸಬಾರದು. ಅದು ಕಾರ್ಖಾನೆಯಲ್ಲಿ ಹಳತು ಮಾಡಿದ ಹೊಸ ಬಟ್ಟೆ. ಇದು ಹಳೆಯ ವಿಧಾನದಲ್ಲಿ ಮಾಡಿದ ಹೊಸ ಬಟ್ಟೆ. ಕಡುನೀಲಿ ಬಣ್ಣದಲ್ಲಿ, ಗಂಜಿ ಹಾಕಿದಂತೆ ಬಿರುಸಾಗಿರುವಾಗಲೇ ಇದನ್ನು ಮಾರುತ್ತಾರೆ. ಹಳತಾಗಿಸುವ ಕೆಲಸ ತೊಡುವವರದು.

ಹಿನ್ನೆಲೆ

ಡೆನಿಮ್ ಎಂಬ ಹೆಸರನ್ನು ಫ್ರಾನ್ಸಿನ ನೀಮ್ ಪಟ್ಟಣದೊಂದಿಗೂ ಜೀನ್ ಎಂಬುದನ್ನು ಇಟಲಿಯ ಜಿನೋವಾದೊಂದಿಗೂ ಜೋಡಿಸುವುದು ರೂಢಿ. ಉಡುಪಾಗಿ ಜೀನ್ಸ್‌ನ ಇತಿಹಾಸ ಆರಂಭವಾಗುವುದು ಅಮೆರಿಕದ ನೆವಾಡಾದಲ್ಲಿ. ಅಲ್ಲಿನ ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್, ಕೂಲಿಕಾರರ ಷರಾಯಿಯ ಜೇಬುಗಳು ಕಿತ್ತುಹೋಗದಂತೆ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿಯುವ ಉಪಾಯವನ್ನು ಕಂಡುಕೊಂಡನು. ತನಗೆ ಬಟ್ಟೆ ಒದಗಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ಲೀವೈ ಸ್ಟ್ರಾಸ್‌ನ ಜೊತೆಗೂಡಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಕೊಂಡವರು ಗಣಿ ಕೆಲಸಗಾರರು, ಮರ ಕಡಿಯುವವರು, ದನಗಾಹಿಗಳು. ಗಣಿಯಲ್ಲಿ ಬಟ್ಟೆ ಎಷ್ಟು ಬೇಗ ಸವೆಯುತ್ತದೆಂಬುದನ್ನು ಕೋಲಾರದ ಚಿನ್ನದ ಗಣಿಗಳನ್ನು ಬಲ್ಲ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಷರಾಯಿಯು ಮುಂದಿನ ಒಂದು ಶತಮಾನದಲ್ಲಿ ಸಣ್ಣ ಸಣ್ಣ ಬದಲಾವಣೆಗಳನ್ನು ಕಂಡಿತು. ಸುಮಾರು 1890ರಲ್ಲಿ ಲೀವೈಸ್ ಕಂಪನಿ ಅದಕ್ಕೆ 501 ಎಂಬ ಸಂಖ್ಯೆ ಕೊಟ್ಟಿತು. 1901ರಲ್ಲಿ ಹಿಂಬದಿಗೆ ಎರಡನೆಯ ಜೇಬು ಬಂತು. ಅದಕ್ಕೂ ಮೊದಲು ಇದ್ದದ್ದು ಒಂದೇ. 1922ರಲ್ಲಿ ಬೆಲ್ಟ್ ಸೇರಿಸುವ ಪಟ್ಟಿಗಳು, 1936ರಲ್ಲಿ ಹಿಂಜೇಬಿನ ಅಂಚಿನ ಕೆಂಪು ಚೀಟಿ ಬಂದವು. ಹಿಂಜೇಬಿನ ರಿವೆಟ್‌ಗಳು ಕುರ್ಚಿ ಮತ್ತು ಜೀನುಗಳನ್ನು ಗೀಚುತ್ತವೆಂಬ ದೂರಿನಿಂದಾಗಿ 1937ರಲ್ಲಿ ಅವುಗಳನ್ನು ಬಟ್ಟೆಯೊಳಗೆ ಮುಚ್ಚಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಮತ್ತು ದಾರದ ಬಳಕೆಗೆ ಮಿತಿ ಬಿದ್ದಾಗ ಕೆಲವು ರಿವೆಟ್‌ಗಳು ಮರೆಯಾದವು. ಹಿಂಜೇಬಿನ ಕಮಾನಿನಾಕಾರದ ಹೊಲಿಗೆಗೆ ಬದಲಾಗಿ ಬಣ್ಣದ ಗೆರೆ ಬಳಿದು ಕಳಿಸಲಾಯಿತು. ಒಗೆದಂತೆ ಆ ಗೆರೆ ಅಳಿಸಿಹೋಗುತ್ತಿತ್ತು. 1971ರಲ್ಲಿ ಕೆಂಪು ಚೀಟಿಯ ಮೇಲಿನ ಹೆಸರಿನಲ್ಲಿ ದೊಡ್ಡ ‘ಇ’ ಅಕ್ಷರ ಹೋಗಿ ಚಿಕ್ಕ ‘ಇ’ ಬಂತು.

ಅಂದು ತೊಟ್ಟವರು ಬಹುಶಃ ಗಮನಿಸಿಯೂ ಇರದ ಈ ವಿವರಗಳೇ ಇಂದು ಸಂಗ್ರಾಹಕರಿಗೆ ಶಾಸನದ ಲಿಪಿಯಿದ್ದಂತೆ. ಲಿಪಿಯ ತಿರುವು ನೋಡಿ ಶಾಸನದ ಕಾಲ ಹೇಳುವ ಹಾಗೆ ಇವರು ಗುಂಡಿ, ರಿವೆಟ್, ಚೀಟಿ ನೋಡಿ ಷರಾಯಿಯ ಕಾಲ ಹೇಳುತ್ತಾರೆ. ಪ್ರತಿರೂಪ ತಯಾರಕರೂ ಬರಿದೆ ‘ಹಳೆಯ ಜೀನ್ಸ್’ ಎನ್ನದೆ 1937ರ ಮಾದರಿ, ಯುದ್ಧಕಾಲದ ಮಾದರಿ, 1947ರ ಮಾದರಿ ಎಂದು ಹೆಸರಿಟ್ಟೇ ಮಾರುತ್ತಾರೆ. ಕೊರತೆಯಿಂದ ಹುಟ್ಟಿದ ಯುದ್ಧಕಾಲದ ಮಾದರಿಗೆ ಹೆಚ್ಚಿನ ಬೇಡಿಕೆಯಿರುವುದು ಸ್ವಾರಸ್ಯಕರ. ಲೀವೈಸ್ ಅಲ್ಲದೆ ಲೀ ಮತ್ತು ರ್‍ಯಾಂಗ್ಲರ್ ಕಂಪನಿಗಳ ಹಳೆಯ ಮಾದರಿಗಳೂ ಪ್ರತಿರೂಪಗೊಂಡಿವೆ.

ಬಟ್ಟೆ ಮತ್ತು ಬಣ್ಣ

ಡೆನಿಮ್ ಓರೆಗೆರೆಯ ನೇಯ್ಗೆಯ ಹತ್ತಿ ಬಟ್ಟೆ. ಹಾಸಿನ ನೂಲಿಗೆ ನೀಲಿ ಬಣ್ಣವಿರುತ್ತದೆ, ಹೊಕ್ಕಿನ ನೂಲು ಬಿಳಿಯದು. ಆದ್ದರಿಂದ ಬಟ್ಟೆಯ ಹೊರಮೈ ನೀಲಿಯಾಗಿಯೂ ಒಳಮೈ ಬೆಳ್ಳಗೂ ಕಾಣುತ್ತದೆ.

ನೀಲಿಯ ಸ್ವಭಾವವೇ ಈ ಹವ್ಯಾಸದ ಮೂಲ. ಬಾನಿಯಲ್ಲಿ ಅದ್ದಿದ ನೂಲು ಹೊರಬರುವಾಗ ಹಸಿರು ಮಿಶ್ರಿತ ಹಳದಿಯಾಗಿದ್ದು, ಗಾಳಿ ತಗುಲಿದ ಮೇಲೆ ನೀಲಿಗೆ ತಿರುಗುತ್ತದೆ. ಕಡುಬಣ್ಣ ಬೇಕಾದರೆ ಅದ್ದಿ ಆರಿಸುವ ಕೆಲಸವನ್ನು ಹಲವು ಬಾರಿ ಮಾಡಬೇಕು. ನೂಲನ್ನು ಹಗ್ಗದಂತೆ ಒಟ್ಟುಗೂಡಿಸಿ ಹೀಗೆ ಅದ್ದಿದಾಗ ಬಣ್ಣ ಎಳೆಯ ಹೊರಸುತ್ತಿಗೆ ಮಾತ್ರ ಹತ್ತಿ, ತಿರುಳು ಬೆಳ್ಳಗೇ ಉಳಿಯುತ್ತದೆ. ಬಟ್ಟೆ ಎಲ್ಲಿ ಉಜ್ಜುತ್ತದೋ ಅಲ್ಲಿ ನೀಲಿ ಉದುರಿ ಬಿಳಿ ಇಣುಕುತ್ತದೆ. ಬಣ್ಣಗಾರನ ದೃಷ್ಟಿಯಿಂದ ಇದು ದೋಷ. ಬಣ್ಣ ಬಿಡುವ ಸೀರೆಯನ್ನು ಯಾರೂ ಹೊಗಳುವುದಿಲ್ಲ. ಜೀನ್ಸ್‌ನಲ್ಲಿ ಆ ದೋಷವನ್ನೇ ಗುಣವೆಂದು ಎಣಿಸಲಾಗಿದೆ. ಗಿಡದ ನೀಲಿಯೊಂದೇ ‘ಅಸಲಿ’ ಎಂಬ ನಂಬಿಕೆ ಕೆಲವರಲ್ಲಿದೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದದ್ದರಿಂದ, 1930–1960ರ ಜೀನ್ಸ್‌ನ ನಿಷ್ಠಾವಂತ ಪ್ರತಿರೂಪಕ್ಕೆ ಕೃತಕ ನೀಲಿಯೇ ಸರಿಯಾದದ್ದು.

ಎರಡನೆಯ ಮುಖ್ಯ ಅಂಶ ಅಂಚು. ಲಾಳಿಯ ಮಗ್ಗದಲ್ಲಿ ಹೊಕ್ಕಿನ ನೂಲು ಕಡಿಯದೆ ಹೋಗಿ ಬರುವುದರಿಂದ ಬಟ್ಟೆಯ ಎರಡೂ ಬದಿ ತಾನಾಗಿಯೇ ಭದ್ರವಾಗುತ್ತದೆ. ಕೈಮಗ್ಗದ ಪಂಚೆಯ ಅಥವಾ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದವರಿಗೆ ಇದು ಗೊತ್ತು. ಲಾಳಿಯ ಮಗ್ಗದ ಡೆನಿಮ್‌ನ ಅಗಲ ಸಾಮಾನ್ಯವಾಗಿ 28ರಿಂದ 30 ಅಂಗುಲ. ಒಂದು ಷರಾಯಿಗೆ ಸುಮಾರು ಮೂರು ಗಜ ಬಟ್ಟೆ ಬೇಕಾಗುತ್ತದೆ. ಷರಾಯಿಯ ಹೊರಬದಿಯ ಹೊಲಿಗೆ ಈ ಅಂಚಿನ ಮೇಲೆಯೇ ಬೀಳುವಂತೆ ಕತ್ತರಿಸುತ್ತಾರೆ. ಕಾಲಿನ ತುದಿ ಮಡಚಿದಾಗ ಅಂಚಿನ ಬಣ್ಣದ ಎಳೆ ಕಾಣುತ್ತದೆ. ಲೀವೈಸ್‌ಗೆ ಹೋಗುವ ಬಟ್ಟೆಯ ಗುರುತಿಗಾಗಿ ಅಮೆರಿಕದ ಕೋನ್ ಗಿರಣಿ ಕೆಂಪೆಳೆ ಹಾಕುತ್ತಿತ್ತು. ಜಪಾನೀಯರು ಇದನ್ನು ‘ಆಕಾಮಿಮಿ’, ಎಂದರೆ ‘ಕೆಂಪು ಕಿವಿ’ ಎನ್ನುತ್ತಾರೆ. ಲಾಳಿಯಿಲ್ಲದ, ಹೆಚ್ಚು ಅಗಲದ, ವೇಗದ ಮಗ್ಗಗಳು ಬಂದ ಮೇಲೆ 1980ರ ದಶಕದಲ್ಲಿ ಲೀವೈಸ್ ಈ ಬಟ್ಟೆಯನ್ನು ಕೈಬಿಟ್ಟಿತು.

ಬಟ್ಟೆಯ ತೂಕವನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುವ ವಾಡಿಕೆಯಿದೆ. 14 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. ನೂಲಿನ ದಪ್ಪ ತೆಳುವಿನ ಏರಿಳಿತ, ಕಾಲಿನ ತುದಿಯಲ್ಲಿ ಸರಪಳಿ ಹೊಲಿಗೆಯಿಂದ ಉಂಟಾಗುವ ಹಗ್ಗದಂತಹ ತಿರುಚು ಇವೆಲ್ಲವೂ ಮೂಲದಲ್ಲಿ ಯಂತ್ರದ ಕುಂದುಗಳೇ. ಈ ತಿರುಚಿಗೆ ಹೆಸರಾದ ಯೂನಿಯನ್ ಸ್ಪೆಷಲ್ ಕಂಪನಿಯ 43200ಜಿ ಹೊಲಿಗೆ ಯಂತ್ರ ಈಗ ತಯಾರಾಗುತ್ತಿಲ್ಲ. ಆದ್ದರಿಂದ ಹಳೆಯ ಯಂತ್ರಗಳನ್ನೇ ರಿಪೇರಿ ಮಾಡಿಸಿ ಬಳಸುತ್ತಾರೆ.

ಜಪಾನಿನಲ್ಲಿ ಮರುಹುಟ್ಟು

ಯುದ್ಧಾನಂತರ ಅಮೆರಿಕದ ಸೈನಿಕರ ಹಳೆಯ ಬಟ್ಟೆಗಳು ಟೋಕಿಯೋದ ಆಮೆಯೊಕೋ ಮುಂತಾದ ಸಂತೆಗಳಲ್ಲಿ ಮಾರಾಟವಾಗುತ್ತಿದ್ದವು. ಜಪಾನೀಯರಿಗೆ ಜೀನ್ಸ್‌ನ ಪರಿಚಯವಾದದ್ದು ಹೀಗೆ. ಶಾಲಾ ಸಮವಸ್ತ್ರ ಹೊಲಿಯುವುದಕ್ಕೆ ಹೆಸರಾಗಿದ್ದ ಒಕಾಯಾಮಾ ಪ್ರಾಂತದ ಕೊಜಿಮಾ ಊರಿನಲ್ಲಿ 1960ರ ದಶಕದಲ್ಲಿ ಜೀನ್ಸ್ ಹೊಲಿಗೆ ಆರಂಭವಾಯಿತು. ಮೊದಲಿಗೆ ಬಟ್ಟೆಯೇ ಅಮೆರಿಕದಿಂದ ಬರಬೇಕಾಗಿತ್ತು. ಹಿಂದೆ ‘ಕಸೂರಿ’ ಎಂಬ ನೀಲಿ ಬಟ್ಟೆ ನೇಯುತ್ತಿದ್ದ ಹಿರೋಷಿಮಾ ಪ್ರಾಂತದ ಕೈಹಾರಾ ಸಂಸ್ಥೆ 1970ರಲ್ಲಿ ಹಗ್ಗದ ರೀತಿಯ ಬಣ್ಣಗಾರಿಕೆಯನ್ನು ಸಾಧಿಸಿತು. 1973ರಲ್ಲಿ ಕುರಾಬೋ ಗಿರಣಿಯ ಡೆನಿಮ್ ಹೊರಬಂತು.

ಅಮೆರಿಕದ ಕಂಪನಿಗಳು ಅಗ್ಗದ, ವೇಗದ ತಯಾರಿಕೆಯತ್ತ ಸಾಗಿದಂತೆ ಹಳೆಯ ಅಸಲಿ ಜೀನ್ಸ್‌ನ ಬೆಲೆ ಜಪಾನಿನಲ್ಲಿ ಏರತೊಡಗಿತು. ಅಸಲಿ ಸಿಕ್ಕದವರು ತಾವೇ ತಯಾರಿಸಲು ಮುಂದಾದರು. 1979ರಲ್ಲಿ ಸ್ಥಾಪನೆಯಾದ ಸ್ಟುಡಿಯೋ ದಾರ್ಟಿಸಾನ್, ಅನಂತರದ ಡೆನಿಮೆ, ಎವಿಸು, ಫುಲ್ ಕೌಂಟ್ ಮತ್ತು 1995ರ ವೇರ್‌ಹೌಸ್ ಎಂಬ ಸಂಸ್ಥೆಗಳನ್ನು ಒಟ್ಟಾಗಿ ‘ಒಸಾಕಾದ ಐವರು’ ಎಂದು ಕರೆಯುತ್ತಾರೆ. ಹಳೆಯ ಷರಾಯಿಗಳ ನೂಲನ್ನು ಬಿಚ್ಚಿ ಎಳೆಯ ತಿರುಪನ್ನು ಎಣಿಸುವಷ್ಟು ಇವರ ಶ್ರದ್ಧೆ ಬೆಳೆಯಿತು.

ಜಪಾನೀಯರು ಅಮೆರಿಕದ ಹಳೆಯ ಮಗ್ಗಗಳನ್ನು ಕೊಂಡೊಯ್ದು ಈ ಬಟ್ಟೆ ನೇಯ್ದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದು ಸರಿಯಲ್ಲ. ಅಲ್ಲಿ ಬಳಕೆಯಾದದ್ದು ಮುಖ್ಯವಾಗಿ ಜಪಾನಿನವೇ ಆದ ಟೊಯೊಡಾ ಲಾಳಿ ಮಗ್ಗಗಳು. ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಸಹೋದರರ ಕಂಪನಿಯೇ ಕೊಂಡಿತ್ತು. ಟೊಯೊಟಾ ಕಾರು ಅದೇ ಮನೆತನದ ಉದ್ಯಮದಿಂದ ಹುಟ್ಟಿದ್ದು. ಅಮೆರಿಕದಲ್ಲಿ ಲಾಳಿ ಮಗ್ಗದ ಡೆನಿಮ್‌ಗೆ ಹೆಸರಾಗಿದ್ದ ಕೋನ್ ಗಿರಣಿಯ ವೈಟ್ ಓಕ್ ಘಟಕವು 2017ರ ಡಿಸೆಂಬರ್ 31ರಂದು ಮುಚ್ಚಿತು.

ಪ್ರತಿರೂಪಕ್ಕೂ ನಕಲಿಗೂ ನಡುವಿನ ಗೆರೆ ಎಲ್ಲಿ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. ಹಿಂಜೇಬಿನ ಕಮಾನು ಹೊಲಿಗೆ ಮತ್ತು ಬದಿಯ ಚೀಟಿ ತನ್ನ ವ್ಯಾಪಾರಮುದ್ರೆಗಳೆಂದು ಲೀವೈಸ್ 2007ರಲ್ಲಿ ಅಮೆರಿಕದಲ್ಲಿ ಕೆಲವು ಜಪಾನಿ ತಯಾರಕರ ಮೇಲೆ ದಾವೆ ಹೂಡಿತು. ಆ ಬಳಿಕ ಹಲವರು ತಮ್ಮ ವಿನ್ಯಾಸ ಬದಲಿಸಿಕೊಂಡರು. ಲೀವೈಸ್ ಕಂಪನಿಯೂ ತನ್ನ ಹಳೆಯ ಮಾದರಿಗಳ ಪ್ರತಿರೂಪಗಳನ್ನು ‘ಲೀವೈಸ್ ವಿಂಟೇಜ್ ಕ್ಲೋದಿಂಗ್’ ಹೆಸರಿನಲ್ಲಿ ಮಾರುತ್ತದೆ. ಮೂಲ ತಯಾರಕನೇ ತನ್ನ ಹಳೆಯ ಕೆಲಸವನ್ನು ಅನುಕರಿಸಬೇಕಾಗಿ ಬಂದ ಅಪರೂಪದ ಸಂದರ್ಭವಿದು.

ಸಂಗ್ರಹ

ಅಸಲಿ ಹಳೆಯ ಜೀನ್ಸ್ ಸಾಮಾನ್ಯರ ಕೈಗೆ ಎಟಕುವಂಥದ್ದಲ್ಲ. ನೆವಾಡಾದ ಗಣಿ ಪಟ್ಟಣದಲ್ಲಿ ದೊರೆತ 1880ರ ದಶಕದ ಒಂದು ಜೊತೆಯನ್ನು 2001ರಲ್ಲಿ ಲೀವೈಸ್ ಕಂಪನಿಯೇ ಅಂತರಜಾಲದ ಹರಾಜಿನಲ್ಲಿ 46,532 ಡಾಲರಿಗೆ ಕೊಂಡಿತು. ಪಾಳುಗಣಿಯಲ್ಲಿ ಸಿಕ್ಕಿದ ಅದೇ ಕಾಲದ ಇನ್ನೊಂದು 2022ರ ಅಕ್ಟೋಬರಿನಲ್ಲಿ 76,000 ಡಾಲರಿಗೆ ಹರಾಜಾಯಿತು. ಅದರ ಜೇಬಿನ ಒಳಬಟ್ಟೆಯ ಮೇಲೆ ಅದು ಬಿಳಿಯ ಕೂಲಿಕಾರರಿಂದ ಮಾತ್ರ ತಯಾರಾದದ್ದೆಂಬ ಅರ್ಥದ ಘೋಷಣೆ ಅಚ್ಚಾಗಿದೆ. ಚೀನೀಯರು ಅಮೆರಿಕಕ್ಕೆ ಬರುವುದನ್ನು ತಡೆಯುವ ಕಾನೂನು 1882ರಲ್ಲಿ ಜಾರಿಗೆ ಬಂದಿತ್ತು. ಆ ಕಾಲದ ಜನಾಂಗದ್ವೇಷದ ಗುರುತು ಅದು. ಪ್ರತಿರೂಪ ತಯಾರಕರು ನೂಲಿನ ತಿರುಪನ್ನು ಎಷ್ಟೇ ನಿಷ್ಠೆಯಿಂದ ಉಳಿಸಿಕೊಂಡರೂ ಇಂಥದ್ದನ್ನು ಉಳಿಸಿಕೊಳ್ಳಬೇಕಾಗಿಲ್ಲ.

ತೊಡುವ ಕ್ರಮ

ಕುಗ್ಗದಂತೆ ಸಂಸ್ಕರಿಸದ ಡೆನಿಮ್ ನೀರು ಕಂಡೊಡನೆ ಶೇಕಡ 10ರಷ್ಟು ಕುಗ್ಗಬಹುದು. ಆದ್ದರಿಂದ ದೊಡ್ಡ ಅಳತೆಯದನ್ನು ಕೊಂಡು, ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕಾಲಿನ ಉದ್ದ ಕತ್ತರಿಸಬೇಕು. ಮೊದಲೇ ಕತ್ತರಿಸಿದರೆ ಷರಾಯಿ ಚಡ್ಡಿಯಾಗುವ ಅಪಾಯವಿದೆ.

ತಿಂಗಳುಗಟ್ಟಲೆ ತೊಟ್ಟಾಗ ತೊಡೆಯ ಸಂದಿನಲ್ಲಿ ಮೀಸೆಯಂತಹ ಗೆರೆಗಳೂ ಮಂಡಿಯ ಹಿಂದೆ ಜೇನುಗೂಡಿನಂತಹ ವಿನ್ಯಾಸವೂ ಜೇಬಿನ ಮೇಲೆ ಪಾಕೀಟಿನ ಅಚ್ಚೂ ಮೂಡುತ್ತವೆ. ಸೈಕಲ್ ತುಳಿಯುವವರ ಜೀನ್ಸ್ ಮೇಜಿನ ಮುಂದೆ ಕೂರುವವರದಂತೆ ಮಾಸುವುದಿಲ್ಲ. ಈ ಗೆರೆಗಳು ಸ್ಪಷ್ಟವಾಗಿ ಮೂಡಲೆಂದು ಆರು ತಿಂಗಳು ಒಗೆಯದಿರುವ ಪದ್ಧತಿ ಕೆಲವರಲ್ಲಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದಲ್ಲಿ 2011ರಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, 15 ತಿಂಗಳು ಒಗೆಯದ ಜೀನ್ಸ್‌ನಲ್ಲಿದ್ದ ಬ್ಯಾಕ್ಟೀರಿಯಾ ಒಗೆದು ಎರಡು ವಾರ ತೊಟ್ಟದ್ದರಲ್ಲಿದ್ದಷ್ಟೇ ಇತ್ತು. ಆದರೆ ಬೆವರಿನ ಉಪ್ಪು ಮತ್ತು ಕೊಳೆ ಎಳೆಗಳನ್ನು ದುರ್ಬಲಗೊಳಿಸುತ್ತವೆ; ಕೆನಡಾದ ಚಳಿಗೆ ಹೊಂದುವ ನಿಯಮ ನಮ್ಮ ಕಡೆಯ ಏಪ್ರಿಲ್ ತಿಂಗಳಿಗೆ ಹೊಂದುವುದಿಲ್ಲ. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಬ್ರಷ್ ಹಾಕದೆ ಒಗೆದು ನೆರಳಿನಲ್ಲಿ ಒಣಗಿಸುವುದು ಮೇಲು. ಹರಿದಲ್ಲಿ ತೇಪೆ ಹಾಕಿ ಅಥವಾ ರಫು ಮಾಡಿಸಿ ತೊಡುವುದೂ ಈ ಹವ್ಯಾಸದ ಭಾಗವೇ. ಹಳೆಯ ಸೀರೆಗಳಿಂದ ಕೌದಿ ಹೊಲಿದ ಮನೆಗಳಿಗೆ ಇದರಲ್ಲಿ ಹೊಸತೇನೂ ಇಲ್ಲ.

ಕೃತಕ ಸವೆತ

ತೊಡುವವರು ವರ್ಷಗಟ್ಟಲೆ ಕಾಯದೆ ಅದೇ ನೋಟ ಪಡೆಯಲೆಂದು ಕಾರ್ಖಾನೆಗಳು ಜೀನ್ಸನ್ನು ಹಗುರಗಲ್ಲಿನೊಡನೆ ಯಂತ್ರದಲ್ಲಿ ತಿರುಗಿಸುತ್ತವೆ, ರಾಸಾಯನಿಕಗಳಿಂದ ಬಿಳುಪಿಸುತ್ತವೆ. ಒತ್ತಡದ ಗಾಳಿಯಿಂದ ಮರಳು ಸಿಡಿಸಿ ಬಣ್ಣ ಕೆರೆಯುವ ವಿಧಾನ ಇವೆಲ್ಲಕ್ಕಿಂತ ಅಪಾಯಕಾರಿ. ಮರಳಿನ ಸೂಕ್ಷ್ಮ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ. ಟರ್ಕಿಯ ಜೀನ್ಸ್ ಘಟಕಗಳಲ್ಲಿ ದುಡಿದ ಯುವಕರಲ್ಲಿ ಈ ರೋಗವನ್ನು ಅಲ್ಲಿನ ವೈದ್ಯರು 2000ದ ದಶಕದಲ್ಲಿ ಗುರುತಿಸಿದರು, ಸಾವುಗಳೂ ಸಂಭವಿಸಿದವು. 2009ರಲ್ಲಿ ಟರ್ಕಿ ಈ ವಿಧಾನವನ್ನು ನಿಷೇಧಿಸಿತು. 2010ರಲ್ಲಿ ಲೀವೈಸ್ ಮತ್ತು ಎಚ್ ಅಂಡ್ ಎಂ ಅದನ್ನು ಕೈಬಿಡುವುದಾಗಿ ಪ್ರಕಟಿಸಿದವು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಲ್ಲಿನ ಧೂಳಿನಿಂದ ಕಾಡಿದ್ದೂ ಇದೇ ರೋಗ. ಗಣಿಯವರಿಗಾಗಿ ಹುಟ್ಟಿದ ಉಡುಪು, ಗಣಿಯಲ್ಲಿ ಸವೆದಂತೆ ಕಾಣಬೇಕೆಂಬ ಆಸೆಯಿಂದ, ಗಣಿಯ ರೋಗವನ್ನು ಹೊಲಿಗೆ ಊರುಗಳಿಗೆ ತಂದಿತು.

ಭಾರತದಲ್ಲಿ

ಒರಟು ಹತ್ತಿ ಬಟ್ಟೆಗೆ ಇಂಗ್ಲಿಷಿನಲ್ಲಿರುವ ‘ಡಂಗರೀ’ ಎಂಬ ಹೆಸರು ಭಾರತದ್ದು. ಅದನ್ನು ಮುಂಬಯಿಯ ಡೊಂಗ್ರಿಯೊಂದಿಗೆ ಜೋಡಿಸುತ್ತಾರೆ. ನೀಲಿಯ ಬೆಳೆ ಮತ್ತು 1917ರ ಚಂಪಾರಣ ಸತ್ಯಾಗ್ರಹದ ಸಂಗತಿ ಎಲ್ಲರಿಗೂ ತಿಳಿದದ್ದೇ. ಅಹಮದಾಬಾದಿನ ಅರವಿಂದ ಮಿಲ್ಸ್ 1980ರ ದಶಕದಿಂದ ಡೆನಿಮ್ ನೇಯುತ್ತಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದೊಂದಿಗೆ 2017ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಕೈಮಗ್ಗದ ಖಾದಿ ಡೆನಿಮನ್ನೂ ಮಾರುಕಟ್ಟೆಗೆ ತಂದಿದೆ.

ಕರ್ನಾಟಕದಲ್ಲಿ ಜೀನ್ಸ್ ಎಂದರೆ ಬಳ್ಳಾರಿ. ಬ್ರಿಟಿಷರ ದಂಡಿನ ಸಮವಸ್ತ್ರ ಹೊಲಿಯಲು ಬಂದು ನೆಲೆಸಿದ ಮರಾಠಿ ಮಾತಿನ ದರ್ಜಿ ಕುಟುಂಬಗಳಿಂದ ಈ ಕಸುಬು ಬೆಳೆಯಿತೆಂಬುದು ಪ್ರಚಲಿತ ವಿವರಣೆ. ಸಮವಸ್ತ್ರದಿಂದ ಜೀನ್ಸ್‌ಗೆ ಬಂದ ಕೊಜಿಮಾದ ದಾರಿಯನ್ನೇ ಇದು ಹೋಲುತ್ತದೆ. ಇಂದು ಅಲ್ಲಿ ನೂರಾರು ಹೊಲಿಗೆ ಘಟಕಗಳಿವೆ. ಪಾಯಿಂಟ್ ಬ್ಲಾಂಕ್, ವಾಕರ್, ಡ್ರ್ಯಾಗನ್‌ಫ್ಲೈ ಮುಂತಾದ ಹೆಸರುಗಳಲ್ಲಿ ಅಲ್ಲಿನ ಜೀನ್ಸ್ ಹೊರರಾಜ್ಯಗಳಿಗೂ ಹೋಗಿದೆ. 2023ರ ವಿಧಾನಸಭಾ ಚುನಾವಣೆಯ ವೇಳೆ ಬಳ್ಳಾರಿಗೆ ಜೀನ್ಸ್ ಪಾರ್ಕಿನ ಭರವಸೆಯೂ ದೊರೆಯಿತು. ಕೊಜಿಮಾದ ಸುತ್ತ ನೂಲು, ಬಣ್ಣ, ಮಗ್ಗ, ಹೊಲಿಗೆ ಎಲ್ಲವೂ ಒಂದೆಡೆ ಇದ್ದುದರಿಂದ ಪ್ರತಿರೂಪದ ಕೆಲಸ ಸಾಧ್ಯವಾಯಿತು. ಬಳ್ಳಾರಿಯ ಬಲವಿರುವುದು ಹೊಲಿಗೆ ಮತ್ತು ತೊಳೆಯುವಿಕೆಯಲ್ಲಿ. ಬಟ್ಟೆಯನ್ನು ಮಾಸಿಸುವ ತೊಳೆಯುವ ಘಟಕಗಳಿಗೆ ಅಪಾರ ನೀರು ಬೇಕು; ಮಳೆ ಕಡಿಮೆಯಿರುವ ಆ ಪ್ರದೇಶದಲ್ಲಿ ಅವುಗಳಿಂದ ಹೊರಬರುವ ಬಣ್ಣದ ನೀರು ಬಹುಕಾಲದ ದೂರಾಗಿದೆ. ಒಗೆಯದೆ ಮಾರುವ ಜೀನ್ಸ್‌ಗೆ ಈ ಹಂತದ ಅಗತ್ಯವೇ ಇಲ್ಲ.