ಬ್ರಹ್ಮಗಿರಿಯ ಶಿಲಾಸಮಾಧಿಗಳು

ಚಿತ್ರದುರ್ಗದ ಸೀಮೆ ಎಂದೊಡನೆ ಜನರ ನೆನಪಿಗೆ ಬರುವುದು ಏಳುಸುತ್ತಿನ ಕೋಟೆ ಮತ್ತು ಪಾಳೆಯಗಾರರ ಪರಾಕ್ರಮ. ಆ ಪಾಳೆಯಗಾರರಿಗಿಂತ ಹದಿನೈದು ಶತಮಾನಗಳಿಗೂ ಹಿಂದೆ ಈ ನೆಲದಲ್ಲಿ ಬಾಳಿದ ಜನರು ತಮ್ಮ ಮೃತರಿಗಾಗಿ ಕಟ್ಟಿದ ಕಲ್ಲುಮನೆಗಳು ಇಂದಿಗೂ ಉಳಿದಿರುವುವೆಂಬುದನ್ನು ಬಲ್ಲವರು ವಿರಳ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಬೆಳಕಿಗೆ ತಂದರು. ಅದರಲ್ಲಿ ಹೆಸರಿಸಿರುವ ಇಸಿಲವೆಂಬ ಪಟ್ಟಣದ ನೆಲೆಯನ್ನು 1940ರ ಸುಮಾರಿನಲ್ಲಿ ಮೈಸೂರಿನ ಪುರಾತತ್ತ್ವಾಧಿಕಾರಿಗಳಾಗಿದ್ದ ಡಾ|| ಎಂ. ಎಚ್. ಕೃಷ್ಣರವರು ಅಗೆಯಿಸಿದರು. 1947ರಲ್ಲಿ ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದ ಮಾರ್ಟಿಮರ್ ವೀಲರರು ಇಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಉತ್ಖನನ ನಡೆಸಿ, ಬೆಟ್ಟದ ತಪ್ಪಲಿನ ನೂರಾರು ಸಮಾಧಿಗಳಲ್ಲಿ ಕೆಲವನ್ನು ಮಾತ್ರ ತೆರೆದು ಪರೀಕ್ಷಿಸಿದರು.

ಈ ಸಮಾಧಿಗಳ ರಚನೆಯು ವಿಸ್ಮಯಕರವಾದುದು. ನಾಲ್ಕು ಕಲ್ಲುಚಪ್ಪಡಿಗಳನ್ನು, ಒಂದರ ಅಂಚು ಇನ್ನೊಂದನ್ನು ಮೀರಿ ಆತುಕೊಳ್ಳುವಂತೆ, ಸ್ವಸ್ತಿಕದ ಕ್ರಮದಲ್ಲಿ ನಿಲ್ಲಿಸಿರುವರು. ಮೂಡಣ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಸುತ್ತಲೂ ಗುಂಡುಕಲ್ಲುಗಳ ಬಳಸು. ಒಳಗೆ ಕಪ್ಪುಕೆಂಪು ಬಣ್ಣದ ಮಡಕೆಗಳೂ ಕಬ್ಬಿಣದ ಉಪಕರಣಗಳೂ ದೊರೆತುವು. ಒಂದೇ ಕೋಣೆಯಲ್ಲಿ ಹಲವರ ಅಸ್ಥಿಗಳಿದ್ದುವು. ದೇಹವು ಕರಗಿದ ಬಳಿಕ ಎಲುಬುಗಳನ್ನು ಆಯ್ದು ತಂದು ಇರಿಸುತ್ತಿದ್ದರೆಂದು ಇದರಿಂದ ಊಹಿಸಲಾಗಿದೆ.

ವೀಲರರು ಚಂದ್ರವಳ್ಳಿಯ ರೋಮನ್ ನಾಣ್ಯಗಳೇ ಮೊದಲಾದ ಆಧಾರಗಳಿಂದ ಈ ಸಮಾಧಿಗಳ ಕಾಲವನ್ನು ಕ್ರಿ. ಪೂ. 200ರಿಂದ ಕ್ರಿ. ಶ. 50ರವರೆಗೆ ಎಂದು ನಿರ್ಣಯಿಸಿದರು. ತರುವಾಯ 1965ರಲ್ಲಿ ತುಂಗಭದ್ರಾತೀರದ ಹಳ್ಳೂರಿನಲ್ಲಿ ನಡೆದ ಉತ್ಖನನವೂ, ಅಲ್ಲಿಯ ಇದ್ದಿಲನ್ನು ಪರೀಕ್ಷಿಸಿ ಪಡೆದ ಕಾಲಮಾನವೂ, ಕನ್ನಡನಾಡಿನಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ. ಪೂ. 1000ದ ಸುಮಾರಿಗೆ ಒಯ್ದುವು. ಹಾಗಾಗಿ ಮೊದಲಿನ ನಿರ್ಣಯವನ್ನು ವಿದ್ವಾಂಸರು ತಿದ್ದಬೇಕಾಯಿತು. ಮಹಾಪಂಡಿತರ ತೀರ್ಪಿಗೂ ಮರುವಿಚಾರಣೆಯುಂಟು. ಆದರೆ ಸಾಕ್ಷಿಗಳು ಉಳಿದಿದ್ದರೆ ಮಾತ್ರ. ತೆರೆಯದೆ ಬಿಟ್ಟ ಒಂದೊಂದು ಸಮಾಧಿಯೂ ಅಂತಹ ಸಾಕ್ಷಿಯೇ ಸರಿ.

ಇಂದು ಆ ಸಾಕ್ಷಿಗಳಿಗೆ ಅಪಾಯ ಒದಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದಿರುವುವು. ಅವುಗಳಿಗೆ ದಾರಿಗಳನ್ನು ಕಡಿದಿರುವರು. ಅದಿರಿನ ಗಣಿ, ಕಲ್ಲುಗಣಿ, ಹೆದ್ದಾರಿ, ಹೊಸ ಬಡಾವಣೆ ಇವೆಲ್ಲವೂ ನೆಲವನ್ನು ಬೇಡುತ್ತಿರುವುವು. ಇವು ಬೇಡವೆನ್ನುವುದು ನ್ಯಾಯವಲ್ಲ. ಆದರೆ ನೆಲವನ್ನು ಅಗೆಯುವ ಮುನ್ನ ಅದರಲ್ಲಿ ಏನಿದೆಯೆಂದು ನೋಡುವುದು ವಿವೇಕ.

1958ರ ಕಾಯಿದೆ ಮತ್ತು ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರವು ರಕ್ಷಿತವೆಂದು ಘೋಷಿಸಿದ ಸ್ಮಾರಕದ ಸುತ್ತ 100 ಮೀಟರುಗಳೊಳಗೆ ಹೊಸ ಕಟ್ಟಡ ಕೂಡದು. ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಘೋಷಣೆಯಾಗದ ಕಲ್ಲುಬಳಸುಗಳಿಗೆ ಈ ಆಶ್ರಯವಿಲ್ಲ. ಊರಿನವರ ರುದ್ರಭೂಮಿಗೆ ಕೇಳುವ ಮಕ್ಕಳುಂಟು. ಖರಾಬು, ಗೋಮಾಳಗಳಲ್ಲಿರುವ ಈ ಸಮಾಧಿಗಳಿಗೆ ಕೇಳುವ ವಂಶಜರಾರು?

ಮಾರ್ಗವಿಲ್ಲದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 71ನೆಯ ಪ್ರಕರಣದಂತೆ ಸರ್ಕಾರಿ ಭೂಮಿಯನ್ನು ಸ್ಮಶಾನಕ್ಕಾಗಲಿ ಇತರ ಸಾರ್ವಜನಿಕ ಉದ್ದೇಶಕ್ಕಾಗಲಿ ಕಾದಿರಿಸಬಹುದು. ಅದಕ್ಕೆ ಮೊದಲು ಪ್ರತಿಯೊಂದು ಗ್ರಾಮದ ವಿದ್ಯಾವಂತರು ತಮ್ಮ ಎಲ್ಲೆಯ ಕಲ್ಲುಬಳಸುಗಳನ್ನು ಗುರುತಿಸಿ, ಸರ್ವೆ ನಂಬರಿನೊಡನೆ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಹೆಸರಿಲ್ಲದ ಮೃತರಿಗೆ ಬದುಕಿರುವವರು ಸಲ್ಲಿಸಬಹುದಾದ ಋಣವು ಇಷ್ಟೇ.