ಬೆಂಗಳೂರಿನ ಭೂಬಳಕೆ ಯೋಜನೆ: ಪ್ಲೇಗಿನ ಬಡಾವಣೆಯಿಂದ ರಾಜಕಾಲುವೆಯ ವ್ಯಾಜ್ಯದವರೆಗೆ

ನಗರಯೋಜನೆಯೆಂದರೆ ನೆಲವನ್ನು ಅಳೆದು ಹಂಚುವುದೇ ಎಂಬ ಭಾವನೆ ಬೆಂಗಳೂರಿನಲ್ಲಿ ಹೇಗೆ ಬೇರೂರಿತು, ಅದರಿಂದ ವಸತಿಗೂ ಜಲಕ್ಕೂ ಜನಸಮುದಾಯಕ್ಕೂ ಒದಗಿದ ಗತಿಯೇನು ಎಂಬುದನ್ನು 1898ರಿಂದೀಚಿನ ಅಧಿನಿಯಮಗಳ ಹಾಗೂ ನಕ್ಷೆಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಹಬ್ಬಿ ಜನರು ದಿಕ್ಕಾಪಾಲಾದ ಮೇಲೆ, ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ನೇರವಾದ ಬೀದಿಗಳನ್ನೂ ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಓಣಿಗಳನ್ನೂ ರಚಿಸಿ ಬಸವನಗುಡಿ, ಮಲ್ಲೇಶ್ವರಗಳನ್ನು ನಿರ್ಮಿಸಿದ ಮೈಸೂರು ಸಂಸ್ಥಾನಕ್ಕೆ ಯೋಜನೆಯೆಂಬುದು ಪ್ರಧಾನವಾಗಿ ಆರೋಗ್ಯರಕ್ಷಣೆಯ ಉಪಾಯವಾಗಿದ್ದಿತು. ಆದರೆ ನಿವೇಶನಗಳ ಹಂಚಿಕೆಯಲ್ಲಿ ಜಾತಿಯ ವಿಂಗಡಣೆಯೂ ನುಸುಳಿದುದರಿಂದ ಪೇಟೆಯ ಹಳೆಯ ಶ್ರೇಣಿಗಳು ವಿಶಾಲವಾದ ಹೊಸ ಬೀದಿಗಳಲ್ಲಿಯೂ ನೆಲೆನಿಂತವು.

ಮೈಸೂರಿನಲ್ಲಿ 1903ರಲ್ಲಿಯೂ ಬೆಂಗಳೂರಿನಲ್ಲಿ 1945ರಲ್ಲಿಯೂ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಗಳು ಈ ಉಪಾಯವನ್ನು ಸ್ಥಿರವಾದ ಪದ್ಧತಿಯನ್ನಾಗಿ ಮಾಡಿದುವು: ಹಳ್ಳಿಯ ಹೊಲವನ್ನು ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ಹಾಕಿ, ನಿವೇಶನಗಳನ್ನು ಹಂಚಿ, ಬಂದ ಹಣದಿಂದ ವೆಚ್ಚವನ್ನು ತುಂಬಿಕೊಳ್ಳುವುದು. ಬಡಾವಣೆಗಳನ್ನು ಮೀರಿ ಇಡೀ ನಗರವನ್ನು ಚಿಂತಿಸುವ ಅವಕಾಶವನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ಕಲ್ಪಿಸಿತಾದರೂ, 1976ರಲ್ಲಿ ರಚಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಎರಡು ಕಾರ್ಯಗಳೂ ಒಟ್ಟಿಗೆ ಸೇರಿದ ಕಾರಣ, ನಕ್ಷೆಯನ್ನು ಬರೆಯುವ ಕೈಯೂ ನಿವೇಶನವನ್ನು ಮಾರುವ ಕೈಯೂ ಒಂದೇ ಆಯಿತು.

ಇದರ ಪರಿಣಾಮವನ್ನು ಕಾಣಬೇಕಾದರೆ ಎರಡು ನಕ್ಷೆಗಳನ್ನು ಅಕ್ಕಪಕ್ಕದಲ್ಲಿ ಹರಡಿ ನೋಡಬೇಕು. ಕಂದಾಯ ಇಲಾಖೆಯ ಹಳೆಯ ಗ್ರಾಮನಕಾಶೆಯಲ್ಲಿ ಸರ್ವೆ ನಂಬರುಗಳ ನಡುವೆ ಕೆರೆ, ಕಾಲುವೆ, ಗೋಮಾಳ, ಗುಂಡುತೋಪು, ಸ್ಮಶಾನ, ಬಂಡಿದಾರಿಗಳು ಒಂದೊಂದಾಗಿ ಗುರುತಾಗಿವೆ. ನಗರದ ಮಹಾಯೋಜನೆಯಲ್ಲಿ ಅದೇ ನೆಲವು ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಎಂಬ ವರ್ಣವಲಯಗಳಾಗಿದೆ. ಮೊದಲಿನದರಲ್ಲಿ ದನ ಮೇಯಿಸುವವನಿಗೂ ಹರಿಯುವ ನೀರಿಗೂ ಇದ್ದ ಹಕ್ಕಿನ ಜಾಡು ಎರಡನೆಯದರಲ್ಲಿ ಬಹುಮಟ್ಟಿಗೆ ಅಳಿಸಿಹೋಗಿದೆ. ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾದುದೂ, ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾದುದೂ ಕೆರೆಯಂಗಳವನ್ನು ಬರಿಯ ನೆಲವೆಂದು ಬಗೆದ ಇದೇ ದೃಷ್ಟಿಯ ಫಲ. ಉಳಿದ ಕೆರೆಗಳನ್ನು ಒಡೆಯದೆ ಸಂರಕ್ಷಿಸಬೇಕೆಂದು 1985ರಲ್ಲಿ ನೇಮಕವಾದ ಲಕ್ಷ್ಮಣ ರಾವ್ ಸಮಿತಿಯು ಶಿಫಾರಸು ಮಾಡಿತಾದರೂ, ಒಂದು ಕೆರೆಯ ಕೋಡಿಯಿಂದ ಮತ್ತೊಂದಕ್ಕೆ ನೀರನ್ನು ಒಯ್ಯುವ ರಾಜಕಾಲುವೆಗಳ ಮೇಲೆ ಕಟ್ಟಡಗಳು ಏಳುತ್ತಲೇ ಇದ್ದುವು.

ವಸತಿಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಸರ್ಕಾರಿ ನಿವೇಶನಕ್ಕಾಗಿ ಕಾಯಲಾರದ ಸಾಮಾನ್ಯರು ಭೂಪರಿವರ್ತನೆಯಾಗದ ಹೊಲಗಳಲ್ಲಿ ರೆವಿನ್ಯೂ ಸೈಟುಗಳನ್ನು ಕೊಂಡು ಮನೆ ಕಟ್ಟಿ, ಖಾತೆಯಿಲ್ಲದೆ ಪರದಾಡಿದರು. ಉಲ್ಲಂಘನೆಗಳನ್ನು ದಂಡ ಪಡೆದು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ರಾಜಕಾಲುವೆಗಳ ಅಂಚಿನ ನಿರ್ಬಂಧವೂ ನ್ಯಾಯಾಲಯದ ಕಟ್ಟೆಯನ್ನೇರಿತು. 2007ರಲ್ಲಿ ಅನುಮೋದಿತವಾದ ಮಹಾಯೋಜನೆಯು ಕೆರೆಗೆ 30 ಮೀಟರು, ರಾಜಕಾಲುವೆಗಳಿಗೆ ದರ್ಜೆಯನ್ನನುಸರಿಸಿ 50, 25, 15 ಮೀಟರು ಅಂತರವನ್ನು ವಿಧಿಸಿದ್ದಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿ ಹಿಂದಿನ ನಿಯಮವನ್ನೇ ಉಳಿಸಿತು. ವ್ಯಾಜ್ಯ ತೀರ್ಮಾನವಾದರೂ ನೀರಿನ ಹಾದಿ ತೆರವಾಗದೆ, 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರಿನ ಸುತ್ತಣ ಹೊರವರ್ತುಲ ರಸ್ತೆಯೂ ಬೆಲೆಬಾಳುವ ವಿಲ್ಲಾಗಳೂ ಜಲಾವೃತವಾದವು.

ಸುಧಾರಣೆಗೆ ಬೇಕಾದ ಶಾಸನಾಧಾರವು ಇಲ್ಲದೆ ಇಲ್ಲ. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 243-ಝಡ್‌ಇ ಅನುಚ್ಛೇದವು, ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ನಗರಸಭೆಗಳ ಚುನಾಯಿತ ಸದಸ್ಯರೂ ಪಂಚಾಯತಿಗಳ ಅಧ್ಯಕ್ಷರೂ ತಮ್ಮೊಳಗಿನಿಂದಲೇ ಆರಿಸುವ ಮಹಾನಗರ ಯೋಜನಾ ಸಮಿತಿಯನ್ನು ವಿಧಿಸುತ್ತದೆ. ನಿವೇಶನ ಮಾರಾಟದ ಆದಾಯವನ್ನು ಅವಲಂಬಿಸದ ಇಂತಹ ಸಮಿತಿಯು ಗ್ರಾಮನಕಾಶೆಯ ಜಲಮಾರ್ಗಗಳನ್ನೂ ಸಾಮುದಾಯಿಕ ಭೂಮಿಗಳನ್ನೂ ಮೊದಲು ಗುರುತಿಸಿ, ಆ ಬಳಿಕ ದುಡಿಯುವವರ ವಸತಿಗೆ ಎಡೆಯನ್ನು ನಿಗದಿಮಾಡಿ, ಉಳಿದ ನೆಲವನ್ನಷ್ಟೇ ಮಾರುಕಟ್ಟೆಗೆ ಬಿಡುವಂತಾದರೆ, ಈವರೆಗೆ ಕಟ್ಟಡ ಎದ್ದ ಮೇಲೆ ನ್ಯಾಯಾಲಯವು ತೀರ್ಮಾನಿಸಬೇಕಾಗುತ್ತಿದ್ದ ಪ್ರಶ್ನೆಗಳು ಕಟ್ಟಡಕ್ಕೆ ಮುನ್ನವೇ ಜನರ ಸಮ್ಮುಖದಲ್ಲಿ ತೀರ್ಮಾನವಾಗುವುವು.